ಆಕರದ ಪುಸ್ತಕ ಮಡಚಿಟ್ಟು ಬರೆಯುವುದು: ವಿಕಿಪೀಡಿಯದಲ್ಲಿ ನಕಲಿನ ತಕರಾರು ಬರದಂತೆ ನಾನು ಅನುಸರಿಸುವ ಕ್ರಮ

"ಕೆಳಗ ಉಲ್ಲೇಖ ಕೊಟ್ಟೀನಲ್ರಿ ಸರ, ಮತ್ಯಾಕ ಅಳಿಸಿದ್ರು?" ರಾಯಚೂರು, ಕೊಪ್ಪಳದ ಊರು-ಗುಡಿಗಳ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬರೆಯುವವರು ಹೆಚ್ಚಾಗಿ ಕೇಳುವುದು ಇದನ್ನೇ. ಉಲ್ಲೇಖ ಕೊಡುವುದು ಮಾಹಿತಿ ಎಲ್ಲಿಂದ ಬಂತೆಂದು ತೋರಿಸಲಿಕ್ಕೆ. ವಾಕ್ಯವನ್ನೇ ಎತ್ತಿಕೊಳ್ಳಲು ಅದು ಅಪ್ಪಣೆ ಚೀಟಿ ಅಲ್ಲ. ಹೆಸರು ಹೇಳದೆ ಎತ್ತಿದರೆ ಕೃತಿಚೌರ್ಯ. ಹೆಸರು ಹೇಳಿ ಪುಟಗಟ್ಟಲೆ ಎತ್ತಿದರೂ ಹಕ್ಕುಸ್ವಾಮ್ಯದ ಉಲ್ಲಂಘನೆ ಆಗಿಯೇ ಆಗುತ್ತದೆ.

ಇಸವಿ, ಹೆಸರು, ಅಳತೆ ಯಾರ ಸ್ವತ್ತೂ ಅಲ್ಲ. ಹೇಳಿದ ಮಾತು, ಜೋಡಿಸಿದ ಬಗೆ ಬರೆದವರದು. ಇಟಗಿಯ ಮಹಾದೇವ ಗುಡಿಯನ್ನೇ ತಗೊಳ್ಳಿ. ಒಂದು ಪುಸ್ತಕದಲ್ಲಿ ಹೀಗಿದೆ ಅಂದುಕೊಳ್ಳೋಣ: "ಶಿಲ್ಪಕಲೆಯ ಮೇರುಕೃತಿಯಾದ ಇಟಗಿಯ ಮಹಾದೇವ ದೇವಾಲಯವು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನಿಂದ 1112ರಲ್ಲಿ ನಿರ್ಮಿತವಾಗಿದ್ದು, ನೋಡುಗರ ಮನಸೂರೆಗೊಳ್ಳುತ್ತದೆ." ಇದನ್ನು ಕೆಲವರು "ಶಿಲ್ಪಕಲೆಯ ಶ್ರೇಷ್ಠ ಕೃತಿಯಾಗಿರುವ ಇಟಗಿಯ ಮಹಾದೇವ ಗುಡಿಯು ಆರನೆಯ ವಿಕ್ರಮಾದಿತ್ಯನ ಸೇನಾಪತಿ ಮಹಾದೇವನಿಂದ 1112ರಲ್ಲಿ ಕಟ್ಟಲ್ಪಟ್ಟಿದ್ದು, ನೋಡುವವರ ಮನಸ್ಸನ್ನು ಸೆಳೆಯುತ್ತದೆ" ಎಂದು ಮಾಡಿ ತಮ್ಮದೆನ್ನುತ್ತಾರೆ. ದೇವಾಲಯ ಹೋಗಿ ಗುಡಿ ಬಂತು, ದಂಡನಾಯಕ ಹೋಗಿ ಸೇನಾಪತಿ ಬಂದ. ವಾಕ್ಯದ ಹಂದರ ಮಾತ್ರ ಅಲ್ಲಾಡಿಲ್ಲ. ಇದೂ ನಕಲೇ.

ನಾನು ಮಾಡುವುದು ಇಷ್ಟು. ಆಕರವನ್ನು ಎರಡು ಸಲ ಓದಿ, ಮುಚ್ಚಿ, ಚೀಟಿಯಲ್ಲಿ ಬರೀ ತುಂಡು ಪದ ಬರೆದುಕೊಳ್ಳುತ್ತೇನೆ: ಇಟಗಿ, 1112, ಮಹಾದೇವ, ಆರನೆಯ ವಿಕ್ರಮಾದಿತ್ಯ, ಪುಟ ಸಂಖ್ಯೆ. ಚೀಟಿಯಲ್ಲಿ ಪೂರ್ಣ ಕ್ರಿಯಾಪದ ಇರಬಾರದು. ಇದ್ದರೆ ಮೂಲದ ವಾಕ್ಯ ಅದರ ಬೆನ್ನಿಗೇ ಬಂದುಬಿಡುತ್ತದೆ. ಇನ್ನೊಂದು ಆಕರದಿಂದ, ಶಾಸನ ಈ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿರುವುದು ಸಿಗುತ್ತದೆ. ಈಗ ಚೀಟಿ ನೋಡಿ ಬರೆದರೆ: "ಈ ಗುಡಿಯನ್ನು ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ, 1112ರಲ್ಲಿ. ಶಾಸನದಲ್ಲಿ ಇದಕ್ಕೆ 'ದೇವಾಲಯ ಚಕ್ರವರ್ತಿ' ಎಂಬ ಹೆಸರಿದೆ." ಮನಸೂರೆ ತಾನಾಗಿಯೇ ಬಿದ್ದುಹೋಯಿತು, ವಿಶ್ವಕೋಶಕ್ಕೆ ಅದು ಬೇಕಾಗಿಯೂ ಇರಲಿಲ್ಲ. ದಂಡನಾಯಕ ಪದವಿಯ ಹೆಸರು, ಅದನ್ನು ಬದಲಿಸುವ ಅಗತ್ಯವಿಲ್ಲ. ಕೊನೆಗೆ ಇಸವಿ, ಕಾಗುಣಿತ ತಾಳೆ ನೋಡಲಷ್ಟೇ ಪುಸ್ತಕ ಮತ್ತೆ ತೆರೆಯುತ್ತೇನೆ.

"ಮೊದಲು ಪೇಸ್ಟ್ ಮಾಡೋಣ, ಆಮೇಲೆ ತಿದ್ದೋಣ" ಅನ್ನುವ ಅಭ್ಯಾಸ ಬೇಡವೇ ಬೇಡ. ತಿದ್ದಿದ ಮೇಲೂ ಹಳೆಯ ಆವೃತ್ತಿ 'ಇತಿಹಾಸ'ದಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಬರೆದು ನೋಡಲೆಂದು ಇರುವ ಪ್ರಯೋಗಪುಟವೂ ಬಹಿರಂಗವೇ.

ಪ್ರಕಟಿಸುವ ಮುಂಚೆ ಏಳೆಂಟು ಪದಗಳ ತುಂಡೊಂದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕುತ್ತೇನೆ. ಏನೂ ಸಿಗಲಿಲ್ಲವೆಂದು ನಿಶ್ಚಿಂತೆಯಾಗುವ ಹಾಗಿಲ್ಲ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟುಗಳಲ್ಲಿ ಮಾಡಿದ ಪಿಡಿಎಫ್ ಯೂನಿಕೋಡ್ ಅಲ್ಲ. ಹುಡುಕುವ ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬರೀ ಸ್ಕ್ಯಾನ್ ಆದ ಪುಸ್ತಕ ಅದಕ್ಕೆ ಚಿತ್ರವಷ್ಟೇ. ನಕಲು ಪತ್ತೆ ಮಾಡುವ ಉಪಕರಣಗಳೂ ಎಡವುವುದು ಇಲ್ಲೇ.

ಇಂಗ್ಲಿಷ್ ಪತ್ರಿಕೆಯ ವರದಿಯನ್ನು ಕನ್ನಡಕ್ಕೆ ತಿರುಗಿಸಿದರೆ ನಮ್ಮದಾಗುತ್ತದೆಂಬ ನಂಬಿಕೆ ತಪ್ಪು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕೂ ಹಕ್ಕುದಾರರದೇ. ಇಂಗ್ಲಿಷ್ ವಿಕಿಪೀಡಿಯದ ಮಾತು ಬೇರೆ: ಅದು ಸಿಸಿ ಬೈ-ಎಸ್‌ಎ 4.0 ಎಂಬ ಮುಕ್ತ ಪರವಾನಗಿಯಲ್ಲಿದೆ, ಅನುವಾದಿಸಬಹುದು. ಆದರೆ ಮೂಲದ ಋಣ ಹೇಳಬೇಕು. ಅನುವಾದದ ಉಪಕರಣ ಬಳಸಿದರೆ ಅದೇ ನಮೂದಿಸುತ್ತದೆ. ಕೈಯಾರೆ ಮಾಡಿದರೆ ಸಂಪಾದನೆಯ ಸಾರಾಂಶದಲ್ಲಿ ಮೂಲ ಲೇಖನದ ಕೊಂಡಿ ಹಾಕಿ "ಇಂಗ್ಲಿಷ್ ವಿಕಿಪೀಡಿಯದಿಂದ ಅನುವಾದ" ಎಂದು ಬರೆಯಬೇಕು.

ಹಳೆಯದೆಲ್ಲ ಮುಕ್ತ ಅಂತೇನಿಲ್ಲ. ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. 1965ರಲ್ಲಿ ತೀರಿಕೊಂಡವರ ಕೃತಿ 2026ರ ಜನವರಿ 1ಕ್ಕೆ ಬಿಡುಗಡೆ. ಸರ್ಕಾರದ ಪ್ರಕಟಣೆಗೆ ಎಣಿಕೆ ಪ್ರಕಟವಾದ ಮರುವರ್ಷದಿಂದ. ಹಾಗಾಗಿ 1904ರ ಬಳ್ಳಾರಿ ಗೆಜೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ಮುಕ್ತ, 1970ರ ರಾಯಚೂರು ಗೆಜೆಟಿಯರ್ 2030ರ ಕೊನೆಯವರೆಗೆ ಅಲ್ಲ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿನ ಊರುಗಳ ವಿವರವೂ ರಾಯಚೂರಿನ ಸಂಪುಟದಲ್ಲೇ ಇರುವುದರಿಂದ ಅದರಿಂದ ನಕಲು ಮಾಡುವವರು ಬಹಳ. ಮಸ್ಕಿಯ ಅಶೋಕನ ಶಾಸನದ ಮೂಲ ಪಾಠ, ಮಾನ್ವಿಯ ಜಗನ್ನಾಥದಾಸರ ಪದ ಧಾರಾಳವಾಗಿ ಬಳಸಿ. ಅವುಗಳಿಗೆ ಈಚಿನ ವಿದ್ವಾಂಸರು ಬರೆದ ಅನುವಾದ, ಅರ್ಥ, ಟಿಪ್ಪಣಿ ಅವರ ಹಕ್ಕು.

ಫೋಟೊಗಳದ್ದು ಇನ್ನೂ ದೊಡ್ಡ ತಲೆನೋವು. ವಾಟ್ಸಾಪ್‌ನಲ್ಲಿ ಬಂದ ಚಿತ್ರದಲ್ಲಿ ಕ್ಯಾಮೆರಾದ ವಿವರ ಅಳಿಸಿಹೋಗಿರುತ್ತದೆ, ಅಳತೆಯೂ ಕುಗ್ಗಿರುತ್ತದೆ. ಅದನ್ನು 'ಸ್ವಂತ ಕೃತಿ' ಎಂದು ವಿಕಿಪೀಡಿಯದ ಚಿತ್ರಭಂಡಾರವಾದ ಕಾಮನ್ಸ್‌ಗೆ ಏರಿಸಿದರೆ ಅನುಮಾನ ಬರುವುದು ಸಹಜ. ನೀವೇ ತೆಗೆದದ್ದಾದರೆ ಫೋನಿನ ಮೂಲ ಕಡತವನ್ನೇ ಏರಿಸಿ. ಸಾರ್ವಜನಿಕ ಜಾಗದಲ್ಲಿ ಕಾಯಮ್ಮಾಗಿ ನಿಲ್ಲಿಸಿದ ಪ್ರತಿಮೆಯ ಫೋಟೊಗೆ ನಮ್ಮ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಕಾಂಪೌಂಡ್ ಗೋಡೆಯ ಚಿತ್ರಕ್ಕೆ ಆ ರಿಯಾಯಿತಿ ಇಲ್ಲ. ಕೋಟೆಯ ಮುಂದಿನ ಪುರಾತತ್ವ ಇಲಾಖೆಯ ಫಲಕದ ಬರಹವನ್ನು ಹಾಗೇ ಟೈಪ್ ಮಾಡುವುದೂ ನಕಲೇ.

ಹಳೆಯ ಫೋಟೊ ಆದರೆ ತೆಗೆದ ವರ್ಷ ಮುಖ್ಯ. 1958ಕ್ಕೂ ಹಿಂದಿನದಕ್ಕೆ ಭಾರತದಲ್ಲಿ ಹಕ್ಕು ಮುಗಿದಿದೆ ಎಂದೇ ಕಾಮನ್ಸ್‌ನಲ್ಲಿ ಎಣಿಸುತ್ತಾರೆ. ಆದರೆ ಕಾಮನ್ಸ್ ಇರುವುದು ಅಮೆರಿಕದಲ್ಲಿ, ಅಲ್ಲಿನ ಕಾನೂನಿನ ಲೆಕ್ಕಕ್ಕೂ ಸರಿಹೋಗಬೇಕು, ಅದಕ್ಕೆ 1946ಕ್ಕಿಂತ ಹಿಂದಿನದಾದರೆ ನಿಶ್ಚಿಂತೆ. ರಂಗನಟ ಬಳ್ಳಾರಿ ರಾಘವ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ಫೋಟೊಗಳಿಗೆ ಈ ತೊಡಕು ಕಡಿಮೆ. ಎಲ್ಲಿಂದ ತಂದಿರಿ ಎಂಬುದನ್ನು ಮಾತ್ರ ಬರೆಯಲೇಬೇಕು.

ಬೇರೆಯವರ ಫೋಟೊ ಬೇಕಿದ್ದರೆ "ಬಳಸ್ಕೊಳ್ರಿ" ಎಂಬ ಬಾಯಿಮಾತು ಸಾಲದು. ಹಕ್ಕುದಾರರೇ ಪರವಾನಗಿಯ ಹೆಸರು ಬರೆದು, ವ್ಯಾಪಾರದ ಬಳಕೆಗೂ ಬದಲಾವಣೆಗೂ ಒಪ್ಪಿ, ಕಾಮನ್ಸ್‌ನ ಅನುಮತಿ ತಂಡಕ್ಕೆ ಇಮೇಲ್ ಕಳಿಸಬೇಕು. "ವಿಕಿಪೀಡಿಯಕ್ಕೆ ಮಾತ್ರ" ಅಂದರೆ ನಡೆಯದು.

ಈಗಾಗಲೇ ನಕಲು ಮಾಡಿಬಿಟ್ಟಿದ್ದರೆ ಬೇರೆಯವರು ಹಿಡಿಯುವ ತನಕ ಕಾಯಬೇಡಿ. ಆ ಭಾಗ ತೆಗೆದು, ಚರ್ಚೆ ಪುಟದಲ್ಲಿ ಯಾವ ಆಕರದ ಯಾವ ಪುಟ ಎಂದು ತಿಳಿಸಿ, ಹಳೆಯ ಆವೃತ್ತಿ ಮರೆಮಾಡಲು 'ಅರಳಿಕಟ್ಟೆ' ಎಂಬ ಸಮುದಾಯದ ಚರ್ಚೆಯ ಪುಟದಲ್ಲಿ ನಿರ್ವಾಹಕರನ್ನು ಕೇಳಿ. ಆಮೇಲೆ ಚೀಟಿ ಹಿಡಿದು ಮೊದಲಿಂದ ಬರೆಯಿರಿ.