‘ಸೂಕ್ತ ಕ್ರಮ’ ಎಂದು ಬರೆಯಬೇಡಿ: ಶಾಲೆಯ ಸುರಕ್ಷತೆಗೆ ಠರಾವು ಮಾಡುವುದು ಹೇಗೆ?

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಸೇರಿದ ವಾರವೇ ಹಳೆಯ ನಡಾವಳಿ ಪುಸ್ತಕ ತೆಗೆಸಿ ಓದಿದ್ದೆ. ಹಾಳು ಬಾವಿಯ ವಿಷಯ ಮೂರು ಕಡೆ ಇತ್ತು. ಮೂರೂ ಸಲ ಅದೇ ವಾಕ್ಯ: ‘ಶಾಲಾ ಆವರಣದ ಬಾವಿಯ ಬಗ್ಗೆ ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’ ಕೆಳಗೆ ಸಾಲಾಗಿ ಸಹಿಗಳು, ಎರಡು ಹೆಬ್ಬೆಟ್ಟು. ಬಾವಿಯ ಮೇಲೆ ಮಾತ್ರ ಅದೇ ತುಕ್ಕು ತಗಡು, ಅದು ಹಾರದ ಹಾಗೆ ಒಂದು ಕಲ್ಲು.

ಆಮೇಲೆ ಸುತ್ತಮುತ್ತಲ ಹಲವು ಶಾಲೆಗಳ ಪುಸ್ತಕ ನೋಡಿದೆ. ಎಲ್ಲ ಕಡೆಯೂ ಇದೇ ಪಾಡು. ಸಭೆಯಲ್ಲಿ ಜಗಳ ಜೋರಾಗೇ ಆಗಿರುತ್ತದೆ, ಮಾತಿಗೇನೂ ಬರವಿಲ್ಲ. ಬರೆಯುವಾಗ ಎಲ್ಲ ಸೋರಿಹೋಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಬರವಣಿಗೆಯ ಹಂತಕ್ಕೆ ಹೆಚ್ಚು ಜಾಗ.

ಹಿನ್ನೆಲೆ ಚಿಕ್ಕದು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಿ, ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ, ಪುಸ್ತಕ ಬರೆಯುವವರು ಅವರೇ. ಅಂದರೆ ಮಾತು ಊರಿನವರದ್ದು, ಪೆನ್ನು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಉತ್ತರ ಹೇಳಬೇಕಾದವರದ್ದು. ಅನುದಾನರಹಿತ ಖಾಸಗಿ ಶಾಲೆಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಅಲ್ಲಿನ ಪೋಷಕರ ದಾರಿ ಬೇರೆ.

ಹಂತ 1: ಮಕ್ಕಳ ಜೊತೆ ಒಂದು ಸುತ್ತು

ಸಭೆಗೆ ಹತ್ತು ದಿನ ಮುಂಚೆ, ಊಟದ ಬಿಡುವಿನಲ್ಲಿ ಹೋಗಿ. ಶಿಕ್ಷಕರ ಬದಲು ಏಳನೇ ಕ್ಲಾಸಿನ ನಾಲ್ಕು ಹುಡುಗಿಯರನ್ನು ಕರೆದುಕೊಳ್ಳಿ. ‘ಎಲ್ಲಿ ಅಪಾಯ ಇದೆ?’ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ‘ಯಾವ ಕಡೆ ನೀವು ಹೋಗಲ್ಲ?’ ಎಂದು ಕೇಳಿ. ನಮ್ಮಲ್ಲಿ ಆ ಪ್ರಶ್ನೆಗೆ ಥಟ್ಟನೆ ಉತ್ತರ ಬಂತು: ಶೌಚಾಲಯದ ಹಿಂದೆ, ಅಲ್ಲಿ ರಾತ್ರಿ ಕುಡಿದು ಒಡೆದ ಬಾಟಲಿ ಚೂರು. ಐದನೇ ಕ್ಲಾಸಿನ ಕಿಟಕಿ ಪಕ್ಕದ ಬೆಂಚು, ಅಲ್ಲಿ ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ‘ಜುಮ್’ ಅನ್ನುತ್ತದೆ. ಈ ಎರಡನೆಯದು ಯಾವ ನಡಾವಳಿಯಲ್ಲೂ ಇರಲಿಲ್ಲ.

2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋಡಿ ಎಂಬ ಹಳ್ಳಿಯಲ್ಲಿ ಶಾಲೆಯ ಚಾವಣಿ ಕುಸಿದು 7 ಮಕ್ಕಳು ಸತ್ತರು. ಮೇಲಿಂದ ಹರಳು ಉದುರುತ್ತಿವೆ ಎಂದು ಮಕ್ಕಳು ಮೊದಲೇ ಹೇಳಿದ್ದರು ಎಂದು ಆಗ ವರದಿಯಾಗಿತ್ತು. ಆದ್ದರಿಂದ ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅಡಿಗೋಲು ಹಿಡಿದು ಅಳತೆ ಮಾಡಿ, ಫೋಟೊ ತೆಗೆಯಿರಿ.

ಹಂತ 2: ಸೂಚನಾ ಪತ್ರ

ವಾರ ಮುಂಚೆ ಕಳಿಸಿ. ವಿಷಯಗಳನ್ನು ಒಂದೊಂದಾಗಿ ನಮೂದಿಸಿ, ‘ಇತರೆ’ಗೆ ತಳ್ಳಬೇಡಿ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವವರು ಯಾರೂ ಬರುವುದಿಲ್ಲ, ಸಂಜೆ ಐದಕ್ಕಿಡಿ.

ಹಂತ 3: ಜಗಳ ಆಗಲಿ, ಆದರೆ ಸರಿಯಾದ ವಿಷಯಕ್ಕೆ

ನಮ್ಮಲ್ಲಿ ಎರಡು ಗಂಟೆ ನುಂಗಿದ್ದು ಸಿಸಿಟಿವಿ. ದಾನಿಯೊಬ್ಬರು ನಾಲ್ಕು ಕ್ಯಾಮೆರಾ ಕೊಡಿಸುತ್ತೇವೆಂದು ಮುಂದೆ ಬಂದಿದ್ದರು, ಅವರ ಹೆಸರಿನ ಬೋರ್ಡು ಸಮೇತ. ನನ್ನ ಮಾತು ಖಡಾಖಂಡಿತ: ಕಾಂಪೌಂಡ್ ಇಲ್ಲದ ಶಾಲೆಗೆ ಕ್ಯಾಮೆರಾ ಬೇಡ. ಕರೆಂಟು ಹೋದರೆ ಕಣ್ಣು ಮುಚ್ಚಿಕೊಳ್ಳುವ ಕಾವಲುಗಾರ ಅದು. ರೆಕಾರ್ಡು ಆಗುವ ಪೆಟ್ಟಿಗೆ ಮುಖ್ಯ ಶಿಕ್ಷಕರ ಕೋಣೆಯಲ್ಲಿ, ಆ ಕೋಣೆಗೆ ಐವತ್ತು ರೂಪಾಯಿಯ ಬೀಗ. ಕಳ್ಳ ಬಂದರೆ ಪೆಟ್ಟಿಗೆಯನ್ನೂ ಹೊತ್ತೊಯ್ಯುತ್ತಾನೆ. ಒಪ್ಪಿಕೊಳ್ಳುವುದೇ ಆದರೆ ಬ್ಯಾಟರಿ ಯಾರು ಕೊಡುತ್ತಾರೆ, ಎಷ್ಟು ದಿನದ ದೃಶ್ಯ ಉಳಿಯುತ್ತದೆ, ಅದನ್ನು ನೋಡುವ ಅಧಿಕಾರ ಯಾರಿಗೆ ಎಂಬ ಮೂರನ್ನೂ ಬರೆಸಿಕೊಂಡು ಒಪ್ಪಿ.

ನಿಜವಾದ ಜಗಳ ಗೇಟಿನದ್ದು. ಕೆರೆ ಕಡೆಯ ಗುಡಿಗೆ ಹೋಗುವವರು, ದನ ಹೊಡೆದುಕೊಂಡು ಹೋಗುವವರು ಎಲ್ಲರೂ ಶಾಲೆಯ ಮೈದಾನದಲ್ಲೇ ಹಾಯುತ್ತಿದ್ದರು. ‘ನಮ್ಮಪ್ಪನ ಕಾಲದ ದಾರಿ. ಇವತ್ತು ಬೀಗ ಹಾಕ್ತೀವಿ ಅಂದ್ರೆ?’ ಎಂದರು ಹಿರಿಯರೊಬ್ಬರು. ಅವರ ಮಾತಿನಲ್ಲೂ ಹುರುಳಿತ್ತು. ಮಾತಿಗೆ ಮಾತು ಬೆಳೆದು ಜಾತಿಯವರೆಗೂ ಹೋಗುವುದರಲ್ಲಿತ್ತು. ಅಡುಗೆಯವರ ಮನೆಯವರು ಎಂಬ ಕಾರಣಕ್ಕೆ ಅಲ್ಲಿಯವರೆಗೂ ಯಾರೂ ಮಾತಾಡಿಸದಿದ್ದ ಸದಸ್ಯೆಯೊಬ್ಬರು ಕೂತಲ್ಲಿಂದಲೇ ಹೇಳಿದರು: ‘ಬೇಲಿ ಪಕ್ಕ ಆರಡಿ ಬಿಟ್ರೆ ದನಕ್ಕೂ ಸಾಕು, ದೇವ್ರಿಗೂ ಸಾಕು.’ ಅಲ್ಲಿಗೆ ಮುಗಿಯಿತು. ಗೇಟು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಮುಚ್ಚುವುದು, ಬೇಲಿ ಪಕ್ಕ ಆರಡಿ ಕಾಲುದಾರಿ. ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅವರಿಂದಲೇ ಮಾತು ಶುರು ಮಾಡಿಸಿದ್ದರೆ ಆ ಜಗಳದ ಹೊತ್ತು ಉಳಿಯುತ್ತಿತ್ತು. ಸದಸ್ಯೆಯ ಬದಲು ಅವರ ಗಂಡ ಬಂದು ಕೂತರೆ ಚಹಾ ಕೊಟ್ಟು ಹೊರಗೆ ಕಳಿಸಿ.

ಕಾಸು ಖರ್ಚಿಲ್ಲದ ಒಂದು ನಿರ್ಣಯವನ್ನೂ ಮಾಡಿಕೊಳ್ಳಿ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದು, ಪೋಷಕರು ಗಾಬರಿಯಲ್ಲಿ ಶಾಲೆಗಳಿಗೆ ಓಡಿದರು. ಕೊನೆಗೆ ಅದು ಹುಸಿ ಎಂದಾಯಿತು. ಆದರೆ ಅಂಥ ಹೊತ್ತಿನಲ್ಲಿ ‘ನಾನು ಇವನ ಮಾವ’ ಎಂದು ಬಂದವನ ಕೈಗೆ ಮಗುವನ್ನು ಕೊಡಬೇಕೋ ಬೇಡವೋ? ಪ್ರತಿ ಮಗುವಿಗೂ ಕರೆದೊಯ್ಯಬಹುದಾದ ಇಬ್ಬರ ಹೆಸರು ಹಾಜರಿ ಪುಸ್ತಕದ ಹಿಂಬದಿಯಲ್ಲಿರಲಿ. ಅವರಲ್ಲದವರಿಗೆ ಕೊಡಕೂಡದು.

ಇನ್ನೊಂದು ಮಾತು, ಎಚ್ಚರಿಕೆಯಿಂದ ಓದಿ. ಮಗುವಿನ ಮೇಲೆ ಯಾರೋ ಕೈ ಹಾಕಿದ್ದಾರೆ ಎಂಬ ದೂರು ಸಭೆಯ ವಿಷಯವೇ ಅಲ್ಲ. ಚರ್ಚೆ, ರಾಜಿ, ‘ಮೊದಲು ವಿಚಾರಿಸೋಣ’ ಯಾವುದೂ ಕೂಡದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲಾಗಬಹುದು, ಸಂಸ್ಥೆಯ ಹೊಣೆ ಹೊತ್ತವರಿಗೆ 1 ವರ್ಷದವರೆಗೆ. ಮಗುವಿನ ಗುರುತು ಹೊರಗೆ ಬರುವಂತಿಲ್ಲ, ಹಾಗಾಗಿ ನಡಾವಳಿಯಲ್ಲಿ ಹೆಸರು ಬರೆಯುವ ಪ್ರಶ್ನೆಯೇ ಇಲ್ಲ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ಹಂತ 4: ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ಸಭೆ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ, ಎಲ್ಲರಿಗೂ ಮನೆಯ ಚಿಂತೆ. ಮುಖ್ಯ ಶಿಕ್ಷಕರು ‘ನೀವೆಲ್ಲ ಸಹಿ ಹಾಕಿ ಹೋಗಿ, ಆಮೇಲೆ ಫೇರ್ ಮಾಡಿ ಬರೀತೀನಿ’ ಎನ್ನುತ್ತಾರೆ. ಕೆಟ್ಟ ಉದ್ದೇಶದಿಂದಲ್ಲ, ಎಲ್ಲ ಕಡೆ ನಡೆದು ಬಂದದ್ದೇ ಹಾಗೆ. ಆದರೆ ಖಾಲಿ ಹಾಳೆಗೆ ಸಹಿ ಹಾಕಿದಿರೋ, ಹೋಯಿತು. ಪ್ರತಿ ವಿಷಯ ಮುಗಿದ ಕೂಡಲೇ ಅಲ್ಲೇ ಬರೆಸಿ, ಗಟ್ಟಿಯಾಗಿ ಓದಿಸಿ. ಹೆಬ್ಬೆಟ್ಟು ಒತ್ತುವವರಿಗಾಗಿ ಎರಡು ಸಲ ಓದಿಸಿ. ಕೊನೆಯ ಸಾಲು ಮುಗಿದ ಮೇಲೆ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಸಿ, ಆಮೇಲೆ ಸಹಿ.

ಬಾವಿಯ ಬಗ್ಗೆ ನಾವು ನಾಲ್ಕನೇ ಸಲ ಬರೆದದ್ದು ಹೀಗಿತ್ತು:

‘ವಿಷಯ 3: ಆವರಣದ ತೆರೆದ ಬಾವಿ. ಅಡುಗೆ ಕೋಣೆಯಿಂದ 22 ಅಡಿ ದೂರದಲ್ಲಿರುವ 9 ಅಡಿ ಅಗಲದ ಈ ಬಾವಿಗೆ ಕಟ್ಟೆ ಇಲ್ಲ. ಕಬ್ಬಿಣದ ಜಾಲರಿ ಹಾಕಿಸಿಕೊಡಲು ಗ್ರಾಮ ಪಂಚಾಯಿತಿಯನ್ನು ಕೇಳುವುದು. ಅಂದಾಜು ಪಟ್ಟಿ, 2 ಫೋಟೊ ಲಗತ್ತಿಸುವುದು. ಮುಖ್ಯ ಶಿಕ್ಷಕರು ಸೋಮವಾರದೊಳಗೆ ಪತ್ರ ಬರೆಯುವುದು, ಅಧ್ಯಕ್ಷರು ಬುಧವಾರದೊಳಗೆ ಖುದ್ದು ಕೊಟ್ಟು ಸ್ವೀಕೃತಿ ತರುವುದು. ಅಲ್ಲಿಯವರೆಗೆ ಶಾಲಾ ಅನುದಾನದಿಂದ ಬಾವಿಯ ಸುತ್ತ ಮುಳ್ಳುತಂತಿ ಹಾಕಿಸುವುದು. ಮುಂದಿನ ಸಭೆಯ ಮೊದಲ ವಿಷಯ ಇದೇ.’

ಇದರಲ್ಲಿ ಅತ್ಯಂತ ಬೆಲೆಯುಳ್ಳ ಪದ ‘ಅಲ್ಲಿಯವರೆಗೆ’. ಜಾಲರಿ ಬರುವುದು ಪಂಚಾಯಿತಿಯ ಕೈಯಲ್ಲಿ, ಮುಳ್ಳುತಂತಿ ನಿಮ್ಮ ಕೈಯಲ್ಲಿ. ಚಾವಣಿ ಸೋರುತ್ತಿದ್ದರೆ ದುರಸ್ತಿ ಯಾವಾಗಲೋ, ಅಲ್ಲಿಯವರೆಗೆ ಆ ಕೋಣೆಗೆ ಬೀಗ, ಮಕ್ಕಳು ಜಗಲಿಗೆ. ಈ ಸಾಲು ಇಲ್ಲದ ಠರಾವಿಗೆ ನಾನು ಸಹಿ ಹಾಕುವುದನ್ನೇ ಬಿಟ್ಟಿದ್ದೇನೆ.

ಎರಡನೆಯದು ಕ್ರಿಯಾಪದ. ‘ಗಮನಹರಿಸುವುದು’, ‘ಪ್ರಯತ್ನಿಸುವುದು’, ‘ಸಂಬಂಧಪಟ್ಟವರ ಗಮನಕ್ಕೆ ತರುವುದು’ ಎಂದಿದ್ದರೆ ಹೊಡೆದು ಹಾಕಿ. ಬರೆಯುವುದು, ಕೊಡುವುದು, ತರುವುದು, ಮುಚ್ಚುವುದು ಅನ್ನಿ. ಆಯಿತೋ ಇಲ್ಲವೋ ಎಂದು ಮುಂದಿನ ತಿಂಗಳು ಒಂದೇ ಮಾತಿನಲ್ಲಿ ಕೇಳಲು ಬರುವಂತಿರಬೇಕು.

ಮೂರನೆಯದು ವಿಳಾಸ. ಒಂದೇ ಠರಾವಿನಲ್ಲಿ ತಂತಿ, ಮರ, ಚಾವಣಿ, ಬಾವಿ ಎಲ್ಲ ತುರುಕಿ ಬಿಇಒಗೆ ಕಳಿಸಿದರೆ ಅದು ಯಾರದ್ದೂ ಅಲ್ಲದ ಕಾಗದ. ಒಂದು ವಿಷಯಕ್ಕೆ ಒಂದು ಠರಾವು, ಒಂದು ಪತ್ರ. ವಿದ್ಯುತ್ ತಂತಿಯದ್ದು ಎಸ್ಕಾಂನ (ವಿದ್ಯುತ್ ಸರಬರಾಜು ಕಂಪನಿಯ) ಶಾಖಾಧಿಕಾರಿಗೆ, ಬಿಇಒಗೆ ಪ್ರತಿ. 2019ರ ಆಗಸ್ಟ್‌ನಲ್ಲಿ ಕೊಪ್ಪಳದ ಹಾಸ್ಟೆಲ್‌ನಲ್ಲಿ ಸ್ವಾತಂತ್ರ್ಯ ದಿನದ ಧ್ವಜಕಂಬ ಇಳಿಸುವಾಗ ಅದು ಕರೆಂಟಿನ ತಂತಿಗೆ ತಗುಲಿ 5 ವಿದ್ಯಾರ್ಥಿಗಳು ಸತ್ತದ್ದು ನೆನಪಿರಬೇಕು. ನಿಮ್ಮ ಶಾಲೆಯ ಮೇಲೆ ತಂತಿ ಹಾದಿದ್ದರೆ ‘ಅಲ್ಲಿಯವರೆಗೆ ಧ್ವಜಕಂಬವನ್ನು ಬೇರೆ ಕಡೆ ನೆಡುವುದು, ಮಕ್ಕಳ ಕೈಲಿ ಕಂಬ ಮುಟ್ಟಿಸದಿರುವುದು’ ಎಂದೂ ಬರೆಯಿರಿ.

ನಾಲ್ಕನೆಯದು ದುಡ್ಡು. ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದ ಮಾರ್ಗಸೂಚಿಯಲ್ಲಿ ವಾರ್ಷಿಕ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲಿದೆ: 30 ಮಕ್ಕಳವರೆಗೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ ರೂಪಾಯಿ. ಸೀಮೆಸುಣ್ಣದಿಂದ ಹಿಡಿದು ಎಲ್ಲವೂ ಇದರಲ್ಲೇ. ಹಾಗಾಗಿ ಇದರಿಂದ ಕಾಂಪೌಂಡ್ ಕಟ್ಟುವ ಕನಸು ಬೇಡ. ಬೀಗ, ಮುಳ್ಳುತಂತಿ, ಸ್ವಿಚ್‌ಬೋರ್ಡ್ ರಿಪೇರಿ, ಅಗ್ನಿಶಾಮಕ ಸಿಲಿಂಡರ್ ಆಗುತ್ತವೆ.

ಸಿಲಿಂಡರ್ ಎಂದಾಗ ನೆನಪಾಯಿತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯ ಬೆಂಕಿ ಗರಿ ಚಾವಣಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಹಿನ್ನೆಲೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಅಗ್ನಿಶಾಮಕ ಸಾಧನ ಇರಲೇಬೇಕು, ಸಿಬ್ಬಂದಿಗೆ ತರಬೇತಿ ಇರಲೇಬೇಕು ಎಂದಿತು. ಅದನ್ನೇ ಮುಂದಿಟ್ಟುಕೊಂಡು ಬೈಕಿನಲ್ಲಿ ಬಂದು ಮಾರುವವರಿದ್ದಾರೆ. ಕೆಂಪು ಬಣ್ಣ, ಅಂಟಿಸಿದ ಚೀಟಿ, ಒಳಗೇನಿದೆಯೋ ದೇವರೇ ಬಲ್ಲ. ನಮ್ಮ ಶಾಲೆಗೆ ಬಂದಿದ್ದ ಒಂದರ ಮುಳ್ಳು ಮೊದಲ ದಿನದಿಂದಲೂ ಕೆಂಪು ಪಟ್ಟಿಯಲ್ಲೇ ಮಲಗಿತ್ತು. ಐಎಸ್‌ಐ ಗುರುತಿನ ಮೇಲ್ಭಾಗದಲ್ಲಿ 15683 ಎಂಬ ಸಂಖ್ಯೆ ಇದೆಯೇ, ಒತ್ತಡದ ಮುಳ್ಳು ಹಸಿರಿನಲ್ಲಿದೆಯೇ, ಮರುಭರ್ತಿಯ ದಿನಾಂಕ ಯಾವುದು ನೋಡಿ ತೆಗೆದುಕೊಳ್ಳಿ. ಅಡುಗೆ ಕೋಣೆಯ ಬಾಗಿಲ ಹೊರಗೆ, ಕೈಗೆ ಸಿಗುವ ಎತ್ತರದಲ್ಲಿ ತೂಗುಹಾಕಿ. ಕಳುವಾಗುತ್ತದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ ಶಾಲೆಗಳನ್ನು ನೋಡಿದ್ದೇನೆ.

ಕೊನೆಗೆ, ವಿರೋಧವನ್ನೂ ಬರೆಯಿರಿ. ಗೇಟಿನ ಠರಾವಿನಲ್ಲಿ ಆ ಹಿರಿಯರ ಆಕ್ಷೇಪ ಎರಡು ಸಾಲು ಇದೆ. ತಮ್ಮ ಮಾತು ಪುಸ್ತಕದಲ್ಲಿರುವುದನ್ನು ಓದಿಸಿಕೊಂಡ ಮೇಲೆ ಅವರು ಬೇಲಿಗೆ ಕಲ್ಲುಕಂಬ ಕೊಟ್ಟರು.

ಅಡ್ಡದಾರಿಗಳ ಬಗ್ಗೆ: ಜೆರಾಕ್ಸ್ ಅಂಗಡಿಯ ಸಿದ್ಧ ನಮೂನೆ ಕೊಳ್ಳಬೇಡಿ, ಅದರಲ್ಲಿ ‘ಸೂಕ್ತ ಕ್ರಮ’ ಅಚ್ಚಾಗಿಯೇ ಬಂದಿರುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದ್ದು ಠರಾವಲ್ಲ.

ಹಂತ 5: ಕೊಡುವುದು

ಎರಡು ಪ್ರತಿ ಒಯ್ಯಿರಿ, ನಿಮ್ಮದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ (ಕಚೇರಿಯ ಆವಕ ಸಂಖ್ಯೆ) ಹಾಕಿಸಿಕೊಂಡು ಬನ್ನಿ.

ಹಂತ 6: ಬೆನ್ನು ಹತ್ತುವುದು

ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ಗೋಳು ತೋಡಿಕೊಳ್ಳಬೇಡಿ. ‘ಇಂಥ ದಿನಾಂಕದ, ಇಂಥ ಇನ್‌ವರ್ಡ್ ನಂಬರಿನ ಪತ್ರದ ಮೇಲೆ ಈವರೆಗೆ ಬರೆದಿರುವ ಟಿಪ್ಪಣಿ ಹಾಳೆಗಳ ನಕಲು ಕೊಡಿ’ ಎಂದರೆ ಸಾಕು. ಯಾಕೆ ಮಾಡಿಲ್ಲ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ನಕಲು ಕೇಳಿದರೆ ಸಿಗುತ್ತದೆ.

ಇನ್ನೊಂದು ದಾರಿ ಪಂಚಾಯಿತಿಯ ಮಕ್ಕಳ ಗ್ರಾಮಸಭೆ. ನಮ್ಮಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಸ್ವೀಕೃತಿಯ ಜೆರಾಕ್ಸ್ ಹಿಡಿದು ನಿಂತು, ಇನ್‌ವರ್ಡ್ ನಂಬರ್ ಓದಿ, ‘ಇದು ಎಲ್ಲಿಗೆ ಬಂತು ಸಾರ್?’ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದಳು. ಹನ್ನೊಂದು ವಾರದಲ್ಲಿ ಜಾಲರಿ ಬಂತು. ಮೋಟಾರ್ ಇಳಿಸಲೆಂದು ಅದರ ನಡುವೆ ಎರಡಡಿಯ ಮುಚ್ಚಳ ಬಿಟ್ಟಿದ್ದಾರೆ, ಅದಕ್ಕೆ ಚಿಲಕ ಇಟ್ಟಿಲ್ಲ. ಈ ತಿಂಗಳ ಸೂಚನಾ ಪತ್ರದಲ್ಲಿ ಮೊದಲ ವಿಷಯ ಅದೇ. ಅಲ್ಲಿಯವರೆಗೆ ತಂತಿ ಸುತ್ತಿಟ್ಟಿದ್ದೇವೆ.