ಓದು, ಪ್ರಾಜೆಕ್ಟ್, ನಿಮ್ಮ ಆಸೆ: ಮೂರನ್ನೂ ಒಂದೇ ದಾರಿಗೆ ತರುವುದು ಹೇಗೆ?

ಕೊಣಾಜೆ, ಹಂಪನಕಟ್ಟೆ, ಸುರತ್ಕಲ್, ಮಣಿಪಾಲ, ಎಲ್ಲೇ ಓದುತ್ತಿರಿ, ಹೆಚ್ಚಿನವರ ತಲೆಯಲ್ಲಿ ಒಟ್ಟಿಗೆ ಮೂರು ವಿಷಯ ಓಡುತ್ತಿರುತ್ತವೆ. ಒಂದು ಕ್ಲಾಸು. ಇನ್ನೊಂದು ಪ್ರಾಜೆಕ್ಟ್ ಅಥವಾ ಡೆಸರ್ಟೇಶನ್. ಮೂರನೆಯದು ನಿಮ್ಮದೇ ಆಸೆ: ಯಕ್ಷಗಾನದ ಹೆಜ್ಜೆ ಕಲಿಯಬೇಕು, ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆ ಪಾಸಾಗಬೇಕು, ಅಪ್ಪನ ಅಂಗಡಿ ನೋಡಿಕೊಳ್ಳಬೇಕು. ಮೂರೂ ಮೂರು ಕಡೆ ಎಳೆದರೆ ಸೆಮಿಸ್ಟರ್ ಹೇಗೆ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ಜೂನಿಯರ್‌ಗಳು ಬಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಪ್ರಾಜೆಕ್ಟಿನ ವಿಷಯವನ್ನು ಉಳಿದ ಎರಡರ ಹತ್ತಿರದಿಂದಲೇ ಆರಿಸಿ. ಕಳೆದ ವರ್ಷದವರು ಮಾಡಿದ್ದನ್ನೇ ಊರು ಬದಲಿಸಿ ಮಾಡುವುದು ಸುಲಭ, ಆದರೆ ಎರಡನೇ ತಿಂಗಳಿಗೇ ಅದು ಬೋರು ಹೊಡೆಯುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡೇ ಹೇಳುತ್ತೇನೆ. ನೀವು ಮಲ್ಪೆ ಕಡೆಯವರು, ಎಕನಾಮಿಕ್ಸ್ ಎಂಎ, ಮನೆಯಲ್ಲಿ ಮೀನಿನ ವ್ಯಾಪಾರ ಇದೆ ಅಂದುಕೊಳ್ಳಿ. 'ಕರಾವಳಿಯ ಮೀನುಗಾರಿಕೆ' ಅಂತ ವಿಷಯ ಬರೆದುಕೊಟ್ಟರೆ ಹತ್ತು ಜನ ಸೇರಿದರೂ ಮುಗಿಸಲಾಗದು. ಅದನ್ನು ಕಿರಿದು ಮಾಡಿ. ಯಾವ ಮೀನು? ಬಂಗುಡೆ. ಯಾವ ಊರು? ಉಡುಪಿ. ಯಾವಾಗ? ಮಳೆಗಾಲದಲ್ಲಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ನಾಡದೋಣಿಗಳಿಗೆ ಮಾತ್ರ ಅವಕಾಶ. ಆದರೂ ಮಾರುಕಟ್ಟೆಯಲ್ಲಿ ಬಂಗುಡೆ ಸಿಗುತ್ತದಲ್ವಾ? ಅದು ಎಲ್ಲಿಂದ ಬರುತ್ತದೆ, ರೇಟ್ ಎಷ್ಟು ಏರುತ್ತದೆ, ಆ ಏರಿದ ಹಣದಲ್ಲಿ ಬುಟ್ಟಿ ಇಟ್ಟು ಮಾರುವ ಹೆಂಗಸಿಗೆ ಎಷ್ಟು ಉಳಿಯುತ್ತದೆ? ಇದಕ್ಕೆ ಒಬ್ಬರೇ ಉತ್ತರ ಹುಡುಕಬಹುದು.

ಇನ್ನು ನಮ್ಮ ಊರಿನ ಕ್ಯಾಲೆಂಡರ್ ನೋಡಿಕೊಳ್ಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಯಕ್ಷಗಾನ ಮೇಳದ ತಿರುಗಾಟದ ಬಗ್ಗೆ ಪ್ರಾಜೆಕ್ಟ್ ಮಾಡುವವರು ಪತ್ತನಾಜೆಗೆ, ಅಂದರೆ ಮೇಳಗಳು ವರ್ಷದ ತಿರುಗಾಟ ಮುಗಿಸುವ ದಿನಕ್ಕೆ, ಮೊದಲೇ ಓಡಾಟ ಮುಗಿಸಬೇಕು, ಮೇ ಕೊನೆಗೆ ಗೆಜ್ಜೆ ಬಿಚ್ಚಿದ ಮೇಲೆ ಆಟ ನೋಡಲು ಮುಂದಿನ ತಿರುಗಾಟದವರೆಗೆ ಕಾಯಬೇಕಾಗುತ್ತದೆ. ಕೋಲ, ನೇಮ ಅನ್ನುವ ದೈವಾರಾಧನೆಯ ಕೆಲಸಕ್ಕೂ ಇದೇ ಲೆಕ್ಕ. ಬೋಟಿನವರ ವಿಷಯದಲ್ಲಿ ಇದು ತಿರುಗಾಮುರುಗಾ. ಸೀಸನ್‌ನಲ್ಲಿ ತಾಂಡೇಲರನ್ನು, ಅಂದರೆ ಬೋಟು ನಡೆಸುವವರನ್ನು, ಹಿಡಿಯುವುದೇ ಕಷ್ಟ. ಮಳೆಗಾಲದಲ್ಲಿ ಬೋಟು ದಡದಲ್ಲಿರುತ್ತದೆ, ಬಲೆ ರಿಪೇರಿ ಮಾಡುತ್ತಾ ಕೂತವರು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾರೆ.

ಮಾರುಕಟ್ಟೆಗೆ ಹೋಗುವಾಗ ಪೆನ್ನು, ಪುಸ್ತಕದ ಜೊತೆ ಒಂದು ಸಣ್ಣ ಅಡುಗೆಮನೆ ತಕ್ಕಡಿಯೂ ಇರಲಿ. ಯಾಕೆ ಗೊತ್ತಾ? ಬುಟ್ಟಿ ಇಟ್ಟವರು ಬಂಗುಡೆಯನ್ನು ಎಷ್ಟೋ ಸಲ ಕಿಲೋ ಲೆಕ್ಕದಲ್ಲಿ ಕೊಡುವುದಿಲ್ಲ, ನೂರು ರೂಪಾಯಿಗೆ ಇಷ್ಟು ಮೀನು ಅಂತ ಕೊಡುತ್ತಾರೆ. ನಿನ್ನೆಯೂ ನೂರಕ್ಕೆ ಆರು, ಇವತ್ತೂ ಆರು ಅಂತ ಬರೆದುಕೊಂಡು ಬಂದರೆ ರೇಟ್ ಬದಲಾಗಲೇ ಇಲ್ಲ ಅನ್ನಿಸುತ್ತದೆ. ಆದರೆ ಇವತ್ತಿನ ಮೀನು ಸಣ್ಣದಿರಬಹುದು. ಅದಕ್ಕೇ ಒಂದು ಪಾಲು ಕೊಂಡು ತೂಗಿ ನೋಡಿ. ಪುಟದ ಮೇಲೆ ದಿನ, ಹೊತ್ತು, ಮಳೆ ಇತ್ತೋ ಇಲ್ಲವೋ ಬರೆಯಿರಿ. ಎಡಕ್ಕೆ ಅವರು ಹೇಳಿದ್ದು ಅವರದೇ ಮಾತಿನಲ್ಲಿ, ಬಲಕ್ಕೆ ನಿಮಗೆ ಅನ್ನಿಸಿದ್ದು. ಎರಡನ್ನೂ ಕಲಸಿಬಿಟ್ಟರೆ ಬರೆಯಲು ಕೂತಾಗ ಯಾವುದು ಯಾರದ್ದು ಅಂತ ತಿಳಿಯದು. ವ್ಯಾಪಾರ ಜೋರಿರುವಾಗ ಪ್ರಶ್ನೆ ಕೇಳಬೇಡಿ, ಅದು ಅವರ ದಿನದ ದುಡಿಮೆ. ಜನ ಕಡಿಮೆಯಾದ ಮೇಲೆ ಅಕ್ಕ ಅಂತ ಮಾತಾಡಿಸಿ, ಯಾಕೆ ಕೇಳುತ್ತಿದ್ದೀರಿ ಅಂತ ಹೇಳಿ, ರೆಕಾರ್ಡ್ ಮಾಡುವುದಿದ್ದರೆ ಕೇಳಿಯೇ ಫೋನ್ ತೆಗೆಯಿರಿ. ರಾಯಚೂರು, ಹಾವೇರಿ ಕಡೆಯಿಂದ ಬಂದವರಾದರೆ ತುಳು ಬರುವ ಕ್ಲಾಸ್‌ಮೇಟ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ತುಳುವಿನಲ್ಲಿ ಸಲೀಸಾಗಿ ಬರುವ ಮಾತೇ ಬೇರೆ.

ಮೊದಲೇ ಯಾರು ಏನು ಮಾಡಿದ್ದಾರೆ ಅಂತ ನೋಡಲು ಶೋಧಗಂಗಾ ಸಾಕಷ್ಟಾಯಿತು, ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಮೀನಿನ ಅಂಕಿ ಅಂಶಕ್ಕೆ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐ ವರದಿಗಳು ಆನ್‌ಲೈನ್‌ನಲ್ಲಿವೆ. ಭಾಷೆ, ಜಾನಪದದವರು ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಹೋಗಲೇಬೇಕು. ಆರು ಸಂಪುಟಗಳ ತುಳು ನಿಘಂಟು ರೂಪುಗೊಂಡದ್ದು ಅಲ್ಲಿಯೇ. 1843ರ ಮಂಗಳೂರ ಸಮಾಚಾರ, 1865ರ ಹೆಂಚಿನ ಕಾರ್ಖಾನೆ, ಈ ಥರ ಬಾಸೆಲ್ ಮಿಷನ್ ಕಾಲದ ವಿಷಯ ಹಿಡಿದವರಿಗೆ ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಹಳೆಯ ಸಂಗ್ರಹ ಇದೆ. ಕಾಲೇಜಿನಿಂದ ಒಂದು ಪತ್ರ ಹಿಡಿದುಕೊಂಡು ಹೋಗಿ.

ಸಮಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಾರಕ್ಕೆ ಒಂದು ಬೆಳಿಗ್ಗೆ ಪ್ರಾಜೆಕ್ಟಿಗೆ, ಒಂದು ಸಂಜೆ ನಿಮ್ಮ ಆಸೆಗೆ ಅಂತ ಗಟ್ಟಿ ಮಾಡಿಕೊಳ್ಳಿ. ಬಸ್ಸಿನಲ್ಲಿ ಓದಲು ಹೋದರೆ ತಲೆ ತಿರುಗುತ್ತದೆ, ರೆಕಾರ್ಡಿಂಗ್ ಕೇಳಲು ಮಾತ್ರ ಅದು ಒಳ್ಳೆಯ ಜಾಗ.

ಇನ್ನೊಂದು ಕೋರ್ಸ್ ಬೇಕು ಅನ್ನುವವರಿಗೆ ದಾರಿ ಇದೆ. ಒಟ್ಟಿಗೆ ಎರಡು ಪದವಿ ಓದಲು ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿದೆ: ತರಗತಿಯ ಹೊತ್ತು ಒಂದರ ಮೇಲೊಂದು ಬರಬಾರದು, ಅಥವಾ ಒಂದನ್ನು ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಮಾಡಬೇಕು. ಪಿಎಚ್‌ಡಿಗೆ ಇದು ಸಲ್ಲುವುದಿಲ್ಲ. ನನ್ನನ್ನು ಕೇಳಿದರೆ ಡೆಸರ್ಟೇಶನ್ ವರ್ಷ ಎರಡನೇ ಪದವಿ ಬೇಡ, ಸರ್ಕಾರದ ಆನ್‌ಲೈನ್ ಕೋರ್ಸ್ ತಾಣವಾದ ಸ್ವಯಂನಲ್ಲಿ ಒಂದು ಸಣ್ಣ ಕೋರ್ಸ್ ಸಾಕು. ಮುಂದೆ ಪಿಎಚ್‌ಡಿ ಮಾಡುವ ಯೋಚನೆ ಇದ್ದರೆ ಎಂಎ ಕೊನೆಯ ವರ್ಷದಲ್ಲೇ ನೆಟ್ ಬರೆಯಬಹುದು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಯವರ ಮುಂದೆ ಕೈಚಾಚದೆ ಸಂಶೋಧನೆ ಮಾಡಬಹುದು.

ಗೈಡ್ ಹತ್ತಿರ ಹೋಗುವುದು ಇಷ್ಟೆಲ್ಲ ಯೋಚಿಸಿದ ಮೇಲೆ, ಕನಿಷ್ಠ ಒಂದು ಸಲ ಮಾರುಕಟ್ಟೆಗೆ ಹೋಗಿ ಬಂದ ಮೇಲೆ. 'ಸರ್, ಒಂದು ಟಾಪಿಕ್ ಕೊಡಿ' ಅಂತ ನಿಂತರೆ ಅವರಿಗೆ ತೋಚಿದ್ದು ಕೊಡುತ್ತಾರೆ. ಒಂದೇ ಪುಟ ಹಿಡಿದುಕೊಂಡು ಹೋಗಿ: ಪ್ರಶ್ನೆ ಏನು, ಯಾರನ್ನು ಕೇಳುತ್ತೀರಿ, ಯಾವ ತಿಂಗಳು, ಮೊದಲ ದಿನ ಬರೆದುಕೊಂಡ ನಾಲ್ಕು ಸಾಲು. ಮೇಡಂ ಅಥವಾ ಸರ್ ಅದರ ಮೇಲೆ ಕೆಂಪು ಪೆನ್ನಿನಲ್ಲಿ ಗೀಚಿದರೆ ಬೇಜಾರು ಮಾಡಬೇಡಿ, ಆ ಪುಟವನ್ನೇ ತಿದ್ದಿ ಮುಂದಿನ ವಾರ ಮತ್ತೆ ಹೋಗಿ. ಇಂಟರ್ನಲ್ಸ್ ವಾರ ಮಾತ್ರ ಬೇಡ, ಅವರ ಮೇಜಿನ ಮೇಲೆ ಆಗ ಉತ್ತರ ಪತ್ರಿಕೆಗಳ ರಾಶಿ ಇರುತ್ತದೆ.