ಮಾರ್ಕೆಟ್ ಬಿದ್ದಾಗ ಯೂನಿಟ್ ಲೆಕ್ಕ ನೋಡಿ

ಮಾರ್ಕೆಟ್ ಕುಸಿಯುತ್ತಿರುವಾಗ ಆ್ಯಪ್‌ನಲ್ಲಿ ರೂಪಾಯಿ ಮೊತ್ತ ನೋಡಬೇಡಿ. ನಿಮ್ಮ ಇಂಡೆಕ್ಸ್ ಫಂಡಿನಲ್ಲಿ (ಸೂಚ್ಯಂಕದಲ್ಲಿರುವ ಹಲವು ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ಫಂಡ್) ಎಷ್ಟು ಯೂನಿಟ್, ಅಂದರೆ ಪಾಲು, ಇವೆ ಅಂತ ಮಾತ್ರ ನೋಡಿ, ಎಸ್‌ಐಪಿ (ತಿಂಗಳ ಹೂಡಿಕೆ ಕಂತು) ಹಣ ಖಾತೆಯಿಂದ ಕಟ್ಟಾದ ಮೇಲೆ ತಿಂಗಳಿಗೊಮ್ಮೆ ಡೈರಿಯಲ್ಲಿ ಬರೆದಿಡಿ. ಬೆಲೆ ಎಷ್ಟೇ ಇಳಿಯಲಿ, ನೀವಾಗಿ ಮಾರುವ ತನಕ ಒಂದು ಯೂನಿಟ್ಟೂ ಕಡಿಮೆಯಾಗುವುದಿಲ್ಲ. ಬದಲಿಗೆ, ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) 50 ರೂಪಾಯಿ ಇದ್ದಾಗ 5,000 ರೂಪಾಯಿಗೆ 100 ಯೂನಿಟ್ ಬರುತ್ತಿದ್ದರೆ, 40ಕ್ಕೆ ಇಳಿದಾಗ 125 ಬರುತ್ತವೆ. 2020ರ ಮಾರ್ಚ್ 23ರಂದು ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿದ್ದು 26,000ದ ಕೆಳಗೆ ಮುಗಿದಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಹಳೆಯ ದಾಖಲೆ ದಾಟಿತು. ಭಯಪಟ್ಟು ಎಸ್‌ಐಪಿ ನಿಲ್ಲಿಸಿದವರಿಗೆ ಆ ಅಗ್ಗದ ಯೂನಿಟ್‌ಗಳೇ ತಪ್ಪಿಹೋದವು. ಪ್ರತಿ ಸಲ ಇಷ್ಟು ಬೇಗ ಏಳುತ್ತದೆ ಅಂತಲ್ಲ, 2008ರ ಜನವರಿಯ ಎತ್ತರಕ್ಕೆ ಮರಳಲು 2010ರ ನವೆಂಬರ್ ತನಕ ಕಾಯಬೇಕಾಯಿತು. ಒಂದೇ ಕಂಪನಿಯ ಷೇರಿಗೆ ಮಾತ್ರ ದಯವಿಟ್ಟು ಈ ಲೆಕ್ಕ ಹಾಕಬೇಡಿ. ಕಂಪನಿಯೇ ಮುಳುಗಿದರೆ ಕೈಯಲ್ಲಿ ಸಾವಿರ ಷೇರಿದ್ದರೂ ಪ್ರಯೋಜನವಿಲ್ಲ. ಸಾಲ ತಂದು ಹಾಕಿದ ದುಡ್ಡಿಗೂ ಇದು ನಡೆಯುವುದಿಲ್ಲ. ಮಕ್ಕಳ ಫೀಸಿಗೋ ಮನೆ ಕಟ್ಟಲೋ ಎರಡು ಮೂರು ವರ್ಷದೊಳಗೆ ಬೇಕಾಗುವ ಹಣವಿದ್ದರೆ ಅದು ಎಫ್‌ಡಿಯಲ್ಲಿರಲಿ.